ಅಜ್ಜಿ ನಾಟಕ ಮಾಡ್ತಿದ್ದಾರಾ?

ಪ್ರಶ್ನೆ: ನಮ್ಮಜ್ಜಿಗೆ ಸ್ಟ್ರೋಕ್ ಆಗಿ ಎಂಟು ತಿಂಗಳಾಯ್ತು. ಕಣ್ಣು ಸರಿಯಾಗಿದೆ, ಮಿದುಳಿನ ಹಿಂಭಾಗಕ್ಕೆ ಪೆಟ್ಟಾಗಿ ಎಡಗಡೆ ಕಾಣಿಸಲ್ಲ ಅಂತ ಡಾಕ್ಟರ್ ಹೇಳಿದ್ದಾರೆ. ಎಡಕ್ಕೆ ಇಟ್ಟ ಕಾಫಿ ಲೋಟ ಅಜ್ಜಿಗೆ ಕಾಣೋದೇ ಇಲ್ಲ. ಆದರೆ ಮೊನ್ನೆ ನನ್ನ ಮಗ ಅದೇ ಕಡೆಯಿಂದ ಸ್ಪಂಜಿನ ಚೆಂಡು ಎಸೆದಾಗ ತಟ್ಟನೆ ತಲೆ ಬಗ್ಗಿಸಿದರು! ಕೇಳಿದರೆ "ನಾನೇನೂ ನೋಡ್ಲಿಲ್ಲ ಮಗಾ" ಅಂದರು. ಮನೇಲಿ ಕೆಲವರು ನಾಟಕ ಅಂತಿದ್ದಾರೆ. ಹೌದಾ?

ಉತ್ತರ: ಪಾಪ, ಅಜ್ಜಿ ಮೇಲೆ ಅನುಮಾನ ಬೇಡ. ತಲೆ ಬಗ್ಗಿಸಿದ್ದೂ ನಿಜ, ಏನೂ ನೋಡ್ಲಿಲ್ಲ ಅಂದದ್ದೂ ನಿಜ ಇರಬಹುದು.

ಕಣ್ಣಿನಿಂದ ಹೊರಟ ಸುದ್ದಿ ಒಂದೇ ಕಡೆ ಹೋಗುವುದಿಲ್ಲ. ಬಹುಪಾಲು ನರತಂತುಗಳ ಸುದ್ದಿ ತಲೆಯ ಹಿಂಭಾಗದ ದೃಷ್ಟಿ ಕಾರ್ಟೆಕ್ಸ್, ಅಂದರೆ ನೋಟಕ್ಕೆ ಮೀಸಲಾದ ಮಿದುಳಿನ ಹೊರಪದರ, ಸೇರುತ್ತದೆ. ನಾವು 'ಕಂಡೆ' ಅನ್ನೋದು ಅದರಿಂದ. ಮಂಗಗಳಲ್ಲಿ ಎಣಿಸಿ ನೋಡಿದರೆ ಹತ್ತರಲ್ಲಿ ಒಂದು ಪಾಲು ತಂತು ಮಾತ್ರ ನಡುಮಿದುಳಿಗೆ ಇಳಿಯುತ್ತದೆ. ಅಲ್ಲಿ ಸುಪೀರಿಯರ್ ಕೊಲಿಕ್ಯುಲಸ್ ಅನ್ನೋ ಜೋಡಿ ಉಬ್ಬು ಇದೆ. ಹೆಸರು ದೊಡ್ಡದು, ಅರ್ಥ 'ಮೇಲಿನ ಪುಟ್ಟ ಗುಡ್ಡ' ಅಷ್ಟೇ. ಏನೋ ಸರಿದಾಡಿದರೆ ಕಣ್ಣನ್ನೂ ತಲೆಯನ್ನೂ ಆ ಕಡೆ ತಿರುಗಿಸೋದು ಇದರ ಕೆಲಸ. ನಿಮ್ಮ ಗೋಡೆ ಮೇಲಿನ ಹಲ್ಲಿ ಹುಳ ಹಿಡಿಯೋದೂ ಹೆಚ್ಚುಕಡಿಮೆ ಇದೇ ಗುಡ್ಡದ ದಯೆಯಿಂದ.

ಆದರೆ ನಾವು ಹಲ್ಲಿ ಅಲ್ಲವಲ್ಲ. ಮಂಗ, ಮನುಷ್ಯರಲ್ಲಿ ಕಾರ್ಟೆಕ್ಸ್‌ನಿಂದಲೂ ಈ ಗುಡ್ಡಕ್ಕೆ ನೇರ ದಾರಿ ಇದೆ, ಲಗಾಮು ಕಾರ್ಟೆಕ್ಸ್ ಕೈಲಿದೆ. 1974ರಲ್ಲಿ ಪೀಟರ್ ಶಿಲ್ಲರ್ ಮತ್ತು ಜೊತೆಗಾರರು ರೀಸಸ್ ಮಂಗಗಳ ದೃಷ್ಟಿ ಕಾರ್ಟೆಕ್ಸನ್ನು ತಣ್ಣಗೆ ಮಾಡಿ, ಅಂದರೆ ಸ್ವಲ್ಪ ಹೊತ್ತು ಮಲಗಿಸಿ, ನೋಡಿದರು. ಗುಡ್ಡದ ಮೇಲ್ಪದರದ ಜೀವಕೋಶಗಳು ಬೆಳಕಿಗೆ ಎಂದಿನಂತೆ ಮಿಡಿದವು. ಒಳಪದರದವು ಬೆಳಕಿಗೆ ಸ್ಪಂದಿಸೋದನ್ನೇ ನಿಲ್ಲಿಸಿದವು, ಆದರೂ ಕಣ್ಣು ಹೊರಳಿಸುವ ಮುನ್ನ ಮಾತ್ರ ಮಿಡಿಯುತ್ತಲೇ ಇದ್ದವು! ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದ ಪ್ರಯೋಗ ಇದೇ. ಕೆಲಸಗಾರರು ಇದ್ದಾರೆ, ಕಾರ್ಟೆಕ್ಸ್ ಕಡೆಯಿಂದ ಚೀಟಿ ಬರ್ತಿಲ್ಲ, ಅಷ್ಟೇ.

ಹಾಗಾದ್ರೆ ಕಾರ್ಟೆಕ್ಸ್ ಪೂರ್ತಿ ಹೋದರೆ ಕಥೆ ಮುಗೀತಾ? ಇಲ್ಲ, ಅಭ್ಯಾಸ ಬೇಕು. ಇಂಗ್ಲೆಂಡಿನಲ್ಲಿ ಹೆಲನ್ ಅನ್ನೋ ಕೋತಿಯ ದೃಷ್ಟಿ ಕಾರ್ಟೆಕ್ಸನ್ನು 1965ರಲ್ಲಿ ಹೆಚ್ಚುಕಡಿಮೆ ಪೂರ್ತಿ ತೆಗೆದಿದ್ದರು. ಮನಶ್ಶಾಸ್ತ್ರಜ್ಞ ನಿಕೋಲಸ್ ಹಂಫ್ರಿ ಅದರ ಜೊತೆ ಏಳು ವರ್ಷ ಆಡಿದರು, ಹಗ್ಗ ಕಟ್ಟಿ ಹೊಲ, ಕಾಡು ಸುತ್ತಿಸಿದರು. ಕೊನೆಗೆ ಅದು ಅಡ್ಡ ಇಟ್ಟದ್ದನ್ನು ತಪ್ಪಿಸಿ ಓಡಾಡುತ್ತಿತ್ತು, ನೆಲದ ಮೇಲಿನ ಒಣದ್ರಾಕ್ಷಿ ಚೂರು ಹೆಕ್ಕುತ್ತಿತ್ತು. ಗಾಬರಿಯಾದರೆ ಮಾತ್ರ ಮತ್ತೆ ಕುರುಡರಂತೆ ಎಡವುತ್ತಿತ್ತು. ದಿನಾ ಕಾಣುವ ವಸ್ತು ಯಾವುದು ಅಂತ ಅದಕ್ಕೆ ಕೊನೆವರೆಗೂ ತಿಳಿಯಲಿಲ್ಲ. 1977ರಲ್ಲಿ ಮೋಹ್ಲರ್ ಮತ್ತು ವುರ್ಟ್ಸ್ ಹೀಗೆ ಕಲಿತ ಮಂಗಗಳ ಆ ಗುಡ್ಡಕ್ಕೂ ಹಾನಿ ಮಾಡಿದಾಗ ಕಲಿತದ್ದೂ ಹೋಯಿತು. ಹಾಗಂತ ಎಲ್ಲಾ ಕೀರ್ತಿ ಗುಡ್ಡಕ್ಕೇ ಅಂತ ವಿಜ್ಞಾನಿಗಳು ಒಪ್ಪಿಲ್ಲ. ಕಣ್ಣಿನ ಸುದ್ದಿಯನ್ನು ಕಾರ್ಟೆಕ್ಸಿಗೆ ದಾಟಿಸುವ ಥಲಾಮಸ್ ಅನ್ನೋ ಮಿದುಳಿನ ಭಾಗದಲ್ಲಿ ಉಳಿದ ಇನ್ನೊಂದು ದಾರಿಯೂ ಇದೆ ಅಂತ ವಾದ ನಡೀತಿದೆ.

ಮನುಷ್ಯರ ಮಾತು ಬೇಕಾ? ಲಂಡನ್ನಿನ ಡಿ.ಬಿ. ಎಂಬ ರೋಗಿಗೆ ಬಲಭಾಗದ ದೃಷ್ಟಿ ಕಾರ್ಟೆಕ್ಸ್ ತೆಗೆದು ಎಡಗಡೆ ಕಾಣದಾಗಿತ್ತು, ನಿಮ್ಮಜ್ಜಿಯ ಹಾಗೇ. ಮನಶ್ಶಾಸ್ತ್ರಜ್ಞ ಲಾರೆನ್ಸ್ ವೈಸ್‌ಕ್ರಾಂಟ್ಸ್ ಆ ಕಡೆ ಬೆಳಕು ಹಾಕಿ, ಎಲ್ಲಿ, ಸುಮ್ನೆ ಊಹೆ ಮಾಡಿ ತೋರಿಸಿ ಅಂದಾಗ, ಏನೂ ಕಾಣ್ತಿಲ್ಲ ಅನ್ನುತ್ತಲೇ ಅವರು ಸರಿಯಾದ ಜಾಗಕ್ಕೇ ಕೈ ಚಾಚುತ್ತಿದ್ದರು. ಇದಕ್ಕೆ ಬ್ಲೈಂಡ್‌ಸೈಟ್ ಅಂತ ಹೆಸರು, ಕುರುಡುನೋಟ ಅನ್ನೋಣ.

ನಿಮ್ಮಜ್ಜಿಗೆ ಇದೇ ಆಗಿದೆ ಅಂತ ಚೆಂಡು ನೋಡಿ ಹೇಳಲಾರೆ. ಮಗು ಕೇಕೆ ಹಾಕಿರಬಹುದು, ಎಡದ ಅಂಚಲ್ಲಿ ಅಷ್ಟಿಷ್ಟು ದೃಷ್ಟಿ ಉಳಿದಿರಬಹುದು. ನರರೋಗ ತಜ್ಞರಿಗೆ ತೋರಿಸಿ, ದೃಷ್ಟಿಕ್ಷೇತ್ರದ ಪರೀಕ್ಷೆ ಮಾಡುತ್ತಾರೆ. ರಸ್ತೆ ದಾಟುವಾಗ ಇದನ್ನು ನಂಬಬೇಡಿ, ಅವರ ಎಡಗಡೆ ನೀವೇ ಇರಿ. ಕಾಫಿ ಲೋಟ ಬಲಗಡೆಗೆ ಇಡಿ.