ಕಲ್ಲು ಒಂದೇ, ಎತ್ತು ಬೇರೆ

ಲಿಂಗಸುಗೂರಿನ ನಿವೃತ್ತ ಮಾಸ್ತರರೊಬ್ಬರು ನಾಲ್ಕು ಪುಟ ಬರೆದಿದ್ದಾರೆ. ಸಾರ ಇಷ್ಟು: ಕಳೆದ ಸಂಚಿಕೆಯಲ್ಲಿ ಫಾರ್ಮುಲಾ 4 ಇಂಡಿಯನ್ ಚಾಂಪಿಯನ್‌ಶಿಪ್ ಎಂಬ ಎಳೆಯರ ಕಾರ್ ರೇಸಿಗೆ ಎರಡು ಪುಟ ಕೊಟ್ಟದ್ದೇಕೆ? ಅದು ಆಟವಲ್ಲ, ಉಳ್ಳವರ ಮಕ್ಕಳು ಪೆಟ್ರೋಲ್ ಸುಡುವ ಚಟ. ಬೈಪಾಸಿನಲ್ಲಿ ಬೈಕಿನ ಮುಂದಿನ ಚಕ್ರ ಎತ್ತಿ ವೀಲಿ ಮಾಡಿ ಕೈಕಾಲು ಮುರಿದುಕೊಳ್ಳುವ ಹುಡುಗರಿಗೆ ಪತ್ರಿಕೆಯೇ ಕುಮ್ಮಕ್ಕು ಕೊಟ್ಟಂತಾಯಿತು. ಸಾಲದ್ದಕ್ಕೆ ಮೊಮ್ಮಗ ಆ ಪುಟಗಳನ್ನು ಕತ್ತರಿಸಿ ಗೋಡೆಗೆ ಅಂಟಿಸಿದ್ದರಿಂದ ಹಿಂಬದಿಯ ಪದಬಂಧ ಅವರ ಕೈತಪ್ಪಿದೆ.

ಮಾಸ್ತರರೇ, ನಮಸ್ಕಾರ. ಪದಬಂಧದ ವಿಷಯದಲ್ಲಿ ತಪ್ಪು ನಮ್ಮದೇ. ಉಳ್ಳವರ ಆಟ ಎಂಬ ಮಾತನ್ನೂ ಅಲ್ಲಗಳೆಯುವುದಿಲ್ಲ. ಭಾರತದಿಂದ ಮೊದಲು ಫಾರ್ಮುಲಾ 1, ಅಂದರೆ ಕಾರ್ ರೇಸಿನ ತುತ್ತತುದಿ, ತಲುಪಿದ, ಅದೂ 2005ರಲ್ಲಿ, ನರೇನ್ ಕಾರ್ತಿಕೇಯನ್ ಅವರ ತಂದೆ ಸ್ವತಃ ಹೆಸರಾಂತ ರ್‍ಯಾಲಿ ಚಾಲಕರು. ಟೈರು ಸುಟ್ಟ ವಾಸನೆ ಮನೆಯಲ್ಲೇ ಇತ್ತು, ದುಡ್ಡೂ ಇತ್ತು. ಇಂದು ಒಬ್ಬ ಹುಡುಗನ ಒಂದು ಸೀಸನ್ನಿನ ಖರ್ಚಿಗೆ ಸಿಂಧನೂರಿನ ಕಡೆ ಒಂದಿಷ್ಟು ನೀರಾವರಿ ಹೊಲವನ್ನೇ ಕೊಳ್ಳಬಹುದು. ಒಪ್ಪಿದೆ.

ಆದರೆ ‘ಆಟವೇ ಅಲ್ಲ’ ಎಂದಿರಲ್ಲ, ಅಲ್ಲಿ ನಿಮ್ಮನ್ನು ತಡೆಯಬೇಕಾಗಿದೆ. ಇದೇ ಮಾತನ್ನು ಉತ್ತರ ಪ್ರದೇಶ ಸರ್ಕಾರವೂ ಆಡಿತ್ತು. ಫಾರ್ಮುಲಾ 1 ಕ್ರೀಡೆಯಲ್ಲ, ಮನರಂಜನೆ ಎಂದು ತೆರಿಗೆ ಹಾಕಲು ಹೊರಟಿತು. ತಕರಾರು ಬೆಳೆಯಿತು. ಗ್ರೇಟರ್ ನೊಯ್ಡಾದ ಐದು ಕಿಲೋಮೀಟರಿಗೂ ಮಿಕ್ಕಿದ ಬುದ್ಧ ಸರ್ಕ್ಯೂಟಿನಲ್ಲಿ 2011ರಿಂದ 2013ರವರೆಗೆ ಮೂರೇ ಮೂರು ರೇಸ್ ನಡೆದು ನಿಂತುಹೋದವು.

ನೀವು ಕಾರಹುಣ್ಣಿಮೆಯ ಹೊತ್ತಿಗೆ ರಾಯಚೂರಿಗೆ ಬಂದಿದ್ದೀರಾ? ಒಂದೂವರೆ ಟನ್, ಎರಡು ಟನ್ ತೂಕದ ಕಲ್ಲನ್ನು ಎತ್ತುಗಳಿಂದ ಎಳೆಸುವ ಸ್ಪರ್ಧೆಗೆ ಊರಿಗೆ ಊರೇ ಸೇರುತ್ತದೆ. ಆ ಎತ್ತುಗಳ ಬೆಲೆ ಲಕ್ಷಗಳಲ್ಲಿ. ಯಾರೂ ಅದನ್ನು ಉಳ್ಳವರ ಚಟ ಎನ್ನುವುದಿಲ್ಲ. ಏಕೆಂದರೆ ಎಲ್ಲ ಜೋಡಿಗೂ ಕಲ್ಲು ಒಂದೇ, ವೇಳೆ ಒಂದೇ. ಯಾರ ಜೋಡಿ ಹೆಚ್ಚು ದೂರ ಎಳೆಯಿತೋ ಅದು ಗೆದ್ದಿತು. ಫಾರ್ಮುಲಾ 4 ಕೂಡ ಹೀಗೆಯೇ ಸ್ವಾಮಿ. ಹದಿನೈದು ತುಂಬಿದ ಹುಡುಗ, ಹುಡುಗಿಯರಿಗೆಲ್ಲ ಒಂದೇ ಫ್ರೆಂಚ್ ಮೈಗಾಲ್ ಕಂಪನಿಯ ಚಾಸಿ (ಕಾರಿನ ಒಡಲು), ಒಂದೇ ಎಂಜಿನ್, ಒಂದೇ ಟೈರು. ಅಪ್ಪ ಎಷ್ಟೇ ಶ್ರೀಮಂತನಾದರೂ ಮಗನಿಗಾಗಿ ಇನ್ನೊಂದು ಕುದುರೆಶಕ್ತಿ ಕೊಳ್ಳಲಾರ. ತಿರುವಿಗೆ ಹತ್ತು ಗಜ ತಡವಾಗಿ ಬ್ರೇಕ್ ತುಳಿಯುವ ಗುಂಡಿಗೆಯನ್ನಂತೂ ಯಾವ ಅಂಗಡಿಯಲ್ಲೂ ಮಾರುವುದಿಲ್ಲ. 2023ರ ಸೀಸನ್ನನ್ನು ಆಸ್ಟ್ರೇಲಿಯಾದ ಕೂಪರ್ ವೆಬ್‌ಸ್ಟರ್ ಗೆದ್ದುಕೊಂಡು ಹೋದ. ನಮ್ಮ ನೆಲದಲ್ಲಿ, ನಮ್ಮ ಹುಡುಗರದೇ ಕಾರಿನಂಥ ಕಾರಿನಲ್ಲಿ. ಕಾರು ಸರಿ ಇರಲಿಲ್ಲ ಎನ್ನಲು ಅಲ್ಲಿ ಯಾರಿಗೂ ಬಾಯಿಲ್ಲ.

ಉಳ್ಳವರಲ್ಲೂ ಇಂಥವರಿದ್ದರು. ಕೊಯಮತ್ತೂರಿನ ಎಸ್. ಕರಿವರ್ಧನ್ ಗಿರಣಿ ಮಾಲೀಕರ ಮನೆತನದವರು. ಮನಸ್ಸು ಮಾಡಿದ್ದರೆ ವಿದೇಶಿ ಕಾರು ತರಿಸಿ ಒಬ್ಬರೇ ಮೆರೆಯಬಹುದಿತ್ತು. ಅವರು ಮಾರುತಿ 800ರ ಎಂಜಿನ್ನನ್ನು, ನಮ್ಮೂರ ಡಾಕ್ಟರರ ಕಾರಿನಲ್ಲಿದ್ದ ಅದೇ ಎಂಜಿನ್ನನ್ನು, ಒಂದೇ ಸೀಟಿನ ಚಿಕ್ಕ ರೇಸ್ ಕಾರಿಗೆ ಕೂರಿಸಿದರು. ಅದೇ ಫಾರ್ಮುಲಾ ಮಾರುತಿ. ನರೇನ್ ಮೊದಲು ಕುಳಿತದ್ದು ಅದರಲ್ಲಿಯೇ. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕೊಯಮತ್ತೂರಿನ ಟ್ರ್ಯಾಕಿಗೆ ಈಗ ಅವರದೇ ಹೆಸರು.

ಆ ಕಾರುಗಳನ್ನು ನಾನು ಕಂಡಿದ್ದೇನೆ. 1993ರಲ್ಲಿ ಸೋದರಮಾವ ನನ್ನನ್ನು ರಾತ್ರಿ ರೈಲು ಹತ್ತಿಸಿಕೊಂಡು ಮದ್ರಾಸಿಗೆ, ಅಲ್ಲಿಂದ ಶ್ರೀಪೆರಂಬದೂರಿನ ಬಳಿಯ ಟ್ರ್ಯಾಕಿಗೆ ಕರೆದೊಯ್ದಿದ್ದರು. ಮಾವ ರಾಯಚೂರಿನಲ್ಲಿ ಲಾರಿ ಮೆಕ್ಯಾನಿಕ್. ಓದಿದ್ದು ನಾಲ್ಕನೆಯ ತರಗತಿ. ಸುತ್ತಲಿನವರೆಲ್ಲ ಕುಣಿದಾಡುತ್ತಿದ್ದರೆ ಈ ಮನುಷ್ಯ ಟವೆಲ್ ತಲೆಗೆ ಹಾಕಿಕೊಂಡು ಕಣ್ಣು ಮುಚ್ಚಿ ಕುಳಿತಿದ್ದರು. ನಿದ್ದೆ ಹೋದರೇನೋ ಎಂದುಕೊಂಡೆ. ‘ನಾಲ್ಕನೆಯದಾಗಿ ಹೋಯಿತಲ್ಲ, ಅದರ ಒಂದು ಸಿಲಿಂಡರ್ ಉಸಿರಾಡುತ್ತಿಲ್ಲ’ ಎಂದರು. ಎರಡು ಸುತ್ತು ಕಳೆಯುವುದರೊಳಗೆ ಆ ಕಾರು ಪಿಟ್, ಅಂದರೆ ಟ್ರ್ಯಾಕಿನ ಪಕ್ಕದ ರಿಪೇರಿ ಜಾಗ, ಸೇರಿತು.

ಮಾವನ ಆ ಕಿವಿ ಅವರೊಂದಿಗೇ ಹೋಯಿತು. ಅಂಥ ಕಿವಿಯುಳ್ಳ ಹುಡುಗರು ಬಳ್ಳಾರಿಯ ಅದಿರು ಲಾರಿಗಳ ಕೆಳಗೆ, ಗಂಗಾವತಿಯ ಟ್ರ್ಯಾಕ್ಟರ್ ಶೆಡ್ಡುಗಳಲ್ಲಿ ಇಂದಿಗೂ ಮಲಗಿ ಕೆಲಸ ಮಾಡುತ್ತಿದ್ದಾರೆ. ರೇಸ್ ಎಂದರೆ ಹೆಲ್ಮೆಟ್ ಹಾಕಿದವನೊಬ್ಬನೇ ಅಲ್ಲ, ಅವನ ಹಿಂದೆ ಸ್ಪ್ಯಾನರ್ ಹಿಡಿದ ಐದಾರು ಜನರಿರುತ್ತಾರೆ. ಆ ಜನ ನಮ್ಮವರೇಕೆ ಆಗಬಾರದು? ನಮ್ಮ ಭಾಗದ ಒಂದು ತಾಂತ್ರಿಕ ಶಾಲೆಯ ವರ್ಕ್‌ಶಾಪಿಗೆ ಹೋಗಿದ್ದೆ. ಎಂಜಿನ್ನಿಗೆ ಕುಂಕುಮ ಹಚ್ಚಿ ಪ್ಲಾಸ್ಟಿಕ್ ಹೊದಿಸಿದ್ದರು. ಮಕ್ಕಳು ಬಿಚ್ಚಿದರೆ ಬೋಲ್ಟ್ ಕಳೆಯುತ್ತಾರಂತೆ! ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371 ಜೆ ವಿಧಿ ಬಂದು ದಶಕ ದಾಟಿತು, ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಎಂಬ ಬೋರ್ಡೂ ಬಂತು. ಎಂಜಿನ್ನಿನ ಪ್ಲಾಸ್ಟಿಕ್ ಮಾತ್ರ ಹಾಗೆಯೇ ಇದೆ.

ಬೈಪಾಸಿನ ಹುಡುಗರ ಬಗ್ಗೆ ನಿಮ್ಮ ಸಂಕಟ ನಿಜ. ಆದರೆ ಅವರು ಬೈಪಾಸಿಗೆ ಹೋದದ್ದು ನಮ್ಮ ಎರಡು ಪುಟ ಓದಿ ಅಲ್ಲ (ಓದಿದ್ದರೆ ನಮ್ಮ ಪ್ರಸಾರ ಸಂಖ್ಯೆ ಹೀಗಿರುತ್ತಿರಲಿಲ್ಲ). ಅವರಿಗೆ ಬೇರೆ ಜಾಗವೇ ಇಲ್ಲ. ಊರ ಮೈದಾನದಲ್ಲಿ ಒಂದು ತಿಂಗಳು ವಸ್ತುಪ್ರದರ್ಶನ, ಇನ್ನೊಂದು ತಿಂಗಳು ಸಮಾವೇಶ. ಉಳಿದ ದಿನ ಶಾಮಿಯಾನದ ಗುಂಡಿಗಳು. ರೇಸಿನ ಹುಡುಗ ಹೆಲ್ಮೆಟ್ ಹಾಕದೆ, ಬೆಲ್ಟ್ ಬಿಗಿಯದೆ ಕಾರು ಕದಲಿಸುವಂತಿಲ್ಲ. ಮುಂದೆ ಅಪಾಯವಿದೆ ಎನ್ನುವ ಹಳದಿ ಬಾವುಟ ಕಂಡರೆ ಹಿಂದಿಕ್ಕುವಂತಿಲ್ಲ, ಹಿಂದಿಕ್ಕಿದರೆ ಶಿಕ್ಷೆ. ನಮ್ಮ ಬೈಪಾಸಿನಲ್ಲಿ ಯಾರಿಗೆ ಯಾವ ಬಾವುಟ ತೋರಿಸುತ್ತೀರಿ?

ಆ ಸಂಚಿಕೆಯ ಇನ್ನೊಂದು ಪ್ರತಿಯನ್ನು ಅಂಚೆಗೆ ಹಾಕಿಸಿದ್ದೇನೆ. ಪದಬಂಧ ತುಂಬಿ ಕಳಿಸಿ, ಗಡುವು ಮೀರಿದ್ದರೂ ಸ್ವೀಕರಿಸುತ್ತೇವೆ. ಗೋಡೆಯ ಮೇಲಿನದನ್ನು ಮಾತ್ರ ಕೀಳಬೇಡಿ.

— ಸಂಪಾದಕ