ಆ ಹನ್ನೆರಡು ದಿನ ಕಟಿಂಗ್ ಮಾಡಿದ್ದು ಯಾರು?

ಬಳ್ಳಾರಿಯ ಕೌಲ್ ಬಜಾರಿನಿಂದ ಒಂದು ಪತ್ರ ಬಂದಿದೆ. ಗಂಡನ ಜೊತೆ ಜೀನ್ಸ್ ಯೂನಿಟ್ ನಡೆಸುವ ತಂಗಿಯೊಬ್ಬರು ಬರೆದಿದ್ದಾರೆ. 22 ಮಷೀನು, ಎಲ್ಲಾ ಪೀಸ್ ಲೆಕ್ಕದ ಕೆಲಸ. 9 ವರ್ಷದ ಹಿಂದೆ ದಾರ ಕತ್ತರಿಸಲು ಬಂದ ಹುಡುಗಿ ಇವತ್ತು ಓವರ್‌ಲಾಕ್, ಜಿಪ್, ಬೆಲ್ಟ್ ಎಲ್ಲಾ ಹೊಲಿಯುತ್ತಾಳೆ. ಈಗ ಕಟಿಂಗ್ ಕಲಿಸಿ ಅಂತ ಕೇಳುತ್ತಿದ್ದಾಳೆ. ಕಟಿಂಗ್ ಮಾಸ್ಟರ್ ಸುತಾರಾಂ ಒಪ್ಪುತ್ತಿಲ್ಲ. ಆಕೆ ಟೇಬಲ್ ಮುಟ್ಟಿದರೆ ನಾನು ಬರಲ್ಲ ಎಂದಿದ್ದಾರಂತೆ. ಗಂಡ ಸುಮ್ಮನಿದ್ದಾರೆ. ಮೈದುನ ಮಾತ್ರ ಸುಮ್ಮನಿಲ್ಲ: "ಕಲಿಸಿದ್ರ ನಾಳೆ ಪಕ್ಕದ ಓಣ್ಯಾಗ ಯೂನಿಟ್ ಹಾಕ್ತಾಳ ನೋಡ್ರಿ ಅತ್ತಿಗಿ." ಬೇರೆ ಕಡೆ ಹೋಗಲ್ಲ ಅಂತ ಬಾಂಡ್ ಪೇಪರ್ ಮೇಲೆ ಬರೆಸಿಕೊಂಡು ಕಲಿಸಲೇ ಎಂಬುದು ಇವರ ಪ್ರಶ್ನೆ.

ತಂಗಿ, ನಿಮ್ಮ ಪ್ರಶ್ನೆಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೂರನೇ ಪುಟದ ಒಂದು ಸಾಲು. "ದಸರಾಕ್ಕೆ ಮುಂಚೆ ಮಾಸ್ಟರ್‌ಗೆ ಟೈಫಾಯ್ಡ್ ಆಗಿ 12 ದಿನ ಬರಲಿಲ್ಲ. ಪ್ಯಾಟರ್ನ್ (ಬಟ್ಟೆ ಕತ್ತರಿಸಲು ಇಟ್ಟು ಗೆರೆ ಎಳೆಯುವ ರಟ್ಟು) ಇದ್ದ ಬೀರುವಿನ ಬೀಗದ ಕೈ ಅವರ ಹತ್ತಿರವೇ ಇತ್ತು. ಇವಳು ವಾಷ್ ಆದ ಸ್ಯಾಂಪಲ್ ಪ್ಯಾಂಟು ಬಿಚ್ಚಿ ಏನೋ ಮಾಡಿದಳು, ಹೇಗೋ ಆರ್ಡರ್ ಮುಗಿಸಿದೆವು, ಒಂದು ಪೀಸೂ ವಾಪಸ್ ಬರಲಿಲ್ಲ."

ಈ ಅಂಕಣ ಓದುವವರಿಗೆ ಗೊತ್ತು, "ಹೇಗೋ ಆಯ್ತು" ಅನ್ನುವ ಮಾತು ಕಂಡರೆ ನನಗೆ ಆಗುವುದಿಲ್ಲ. ಕೆಲಸ ಹೇಗೋ ಆಗುವುದಿಲ್ಲ, ಯಾರೋ ಮಾಡಿರುತ್ತಾರೆ.

ಆ "ಏನೋ" ಏನು ಅಂತ ನೋಡೋಣ. ಡೆನಿಮ್ ಬಟ್ಟೆ ವಾಷ್‌ಗೆ ಹೋದರೆ ಕುಗ್ಗುತ್ತದೆ. ವಾಷ್ ಆದ ಪ್ಯಾಂಟಿನ ಹೊಲಿಗೆ ಬಿಚ್ಚಿ, ರಟ್ಟಿನ ಮೇಲಿಟ್ಟು ಹಾಗೇ ಗೆರೆ ಎಳೆದು ಕತ್ತರಿಸಿದ್ದರೆ ನಿಮ್ಮ ಲಾಟೆಲ್ಲ ಗಿಡ್ಡ ಆಗಿರುತ್ತಿತ್ತು. ಬಟ್ಟೆ 4% ಕುಗ್ಗುತ್ತದೆ ಅಂದರೆ, 42 ಇಂಚಿನ ಪ್ಯಾಂಟು ಬೇಕಿದ್ದಾಗ 43 ಮುಕ್ಕಾಲು ಇಂಚು ಕತ್ತರಿಸಬೇಕು. ಎಷ್ಟು ಕುಗ್ಗುತ್ತದೆ ಅಂತ ತಿಳಿಯಲು ಥಾನಿನಿಂದ ಒಂದು ಚೌಕ ಕತ್ತರಿಸಿ, ತೊಳೆದು, ಒಣಗಿಸಿ, ಮತ್ತೆ ಅಳೆಯಬೇಕು. ಉದ್ದಕ್ಕೆ ಒಂದು ಲೆಕ್ಕ, ಅಗಲಕ್ಕೆ ಇನ್ನೊಂದು. ಥಾನು ಬದಲಾದರೆ ಲೆಕ್ಕವೂ ಬದಲಾಗಬಹುದು. ಒಂದು ಪೀಸೂ ವಾಪಸ್ ಬರಲಿಲ್ಲ ಅಂದರೆ ಇಷ್ಟೂ ಆಕೆಗೆ ಗೊತ್ತಿತ್ತು ಅಂತಲೇ ಅರ್ಥ, ಅಲ್ವಾ? ಹೊಲಿಗೆ ಮಷೀನಿನ ಮುಂದೆ ಕೂತು, 9 ವರ್ಷ ಓರೆಗಣ್ಣಲ್ಲಿ ನೋಡಿ ಕಲಿತಿದ್ದಾಳೆ. ಕಲಿಸಿ ಅಂತ ಕೇಳುತ್ತಿರುವುದು ಬರೀ ಮರ್ಯಾದೆಗೆ.

ಮಾಸ್ಟರ್ ಮೇಲೆ ನನಗೆ ಸಿಟ್ಟಿಲ್ಲ. 61 ವರ್ಷ ಅಂತ ಬರೆದಿದ್ದೀರಿ. ಅವರಿಗೂ ಯಾರೂ ಕೂರಿಸಿ ಕಲಿಸಿರಲಿಕ್ಕಿಲ್ಲ, ಯಾರದೋ ಟೇಬಲ್ ಕೆಳಗೆ ಚೂರು ಬಟ್ಟೆ ಆರಿಸುತ್ತಾ ಕಲಿತಿರಬೇಕು. ಈ ವಯಸ್ಸಿನಲ್ಲಿ ಅವರ ಕೈಯಲ್ಲಿ ಉಳಿದಿರುವುದು ಆ ಬೀಗದ ಕೈ ಒಂದೇ. ಅಂದಹಾಗೆ, 20 ಜನ ಕೆಲಸಕ್ಕಿದ್ದ ಕಡೆ ಪಿಎಫ್ ಕಡ್ಡಾಯ. ನಿಮ್ಮ ನಾಲ್ಕು ಪುಟದಲ್ಲಿ ಎಲ್ಲೂ ಪಿಎಫ್ ಮಾತಿಲ್ಲ. ಅದನ್ನು ಆಮೇಲೆ ನಿಮ್ಮ ಯಜಮಾನರ ಹತ್ತಿರ ಕೇಳಿ.

ಸಿಟ್ಟು ಬಂದಿದ್ದು ಮೈದುನನ ಮೇಲೆ. ಕತ್ತರಿ ಹಿಡಿದು ಗೊತ್ತಿಲ್ಲ, ಲೆಕ್ಕದ ಪುಸ್ತಕದ ಮುಂದೆ ಕೂತು ಹೆದರಿಸುವುದು ಮಾತ್ರ ಗೊತ್ತು. ನಿಮ್ಮ ಯಜಮಾನರೂ ಮೊದಲು ಇನ್ನೊಬ್ಬರ ಯೂನಿಟ್‌ನಲ್ಲಿ ಟೈಲರ್ ಆಗಿದ್ದರು ಅಂತ ನೀವೇ ಬರೆದಿದ್ದೀರಿ. ಅವರು ಕಲಿತು ಬಂದು ಪಕ್ಕದ ಓಣಿಯಲ್ಲಿ ಯೂನಿಟ್ ಹಾಕಬಹುದು, ಈಕೆ ಹಾಕಬಾರದೇ? ಬಾಂಡ್ ಪೇಪರಿನ ಯೋಚನೆಯೂ ಈ ಮೈದುನನದ್ದೇ ಇರಬೇಕು. ಕೆಲಸ ಬಿಟ್ಟ ಮೇಲೆ ಬೇರೆ ಕಡೆ ದುಡಿಯಬಾರದು ಅಂತ ಬರೆಸಿಕೊಂಡರೆ ಅದು ನಿಲ್ಲುವುದಿಲ್ಲ. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಅದಕ್ಕೆ ಅಡ್ಡ ಬರುತ್ತದೆ. ಆ ಬಾಂಡ್ ದುಡ್ಡಲ್ಲಿ ಎಲ್ಲರಿಗೂ ಒಗ್ಗರಣೆ ಮಿರ್ಚಿ ತಿನ್ನಿಸಿ.

ಪೀಸ್ ಲೆಕ್ಕದಲ್ಲಿ ಯಾರೂ ಯಾಕೆ ಹೊಸ ಕೆಲಸ ಕಲಿಯುವುದಿಲ್ಲ ಗೊತ್ತಾ? ಕಲಿಯುವ ಹೊತ್ತಿನಲ್ಲಿ ಪೀಸ್ ಆಗುವುದಿಲ್ಲ, ಪೀಸ್ ಆಗದಿದ್ದರೆ ಕೂಲಿ ಇಲ್ಲ. ದಿನಕ್ಕೆ 2 ತಾಸು ಕಟಿಂಗ್ ಟೇಬಲ್ ಹತ್ತಿರ ನಿಂತರೆ ಶನಿವಾರ ಮನೆಗೆ ಅಷ್ಟು ದುಡ್ಡು ಕಡಿಮೆ ಹೋಗುತ್ತದೆ. ಇದನ್ನು ಸರಿ ಮಾಡದೆ ಕಲಿಸುತ್ತೇವೆ ಅನ್ನುವುದು ಸುಮ್ನೆ ಬಾಯಿಮಾತು.

ಹಾಗಾಗಿ ಒಂದೇ ಒಂದು ಕೆಲಸ ಹೇಳುತ್ತೇನೆ. ಈ ಶನಿವಾರ ಬಟವಾಡೆಗೆ ಆಕೆಯನ್ನು ಮೊದಲು ಕರೆಯಿರಿ. ಆ 12 ದಿನಕ್ಕೆ ಮಾಸ್ಟರ್‌ಗೆ ಎಷ್ಟು ಕೊಡುತ್ತಿದ್ದಿರೋ ಅಷ್ಟು ಲೆಕ್ಕ ಹಾಕಿ, ಆಕೆಗೆ ಕೊಟ್ಟಿದ್ದನ್ನು ಕಳೆದು, ಉಳಿದದ್ದನ್ನು ಎಲ್ಲರೆದುರು ಕೈಗೆ ಕೊಡಿ. ಪುಸ್ತಕದಲ್ಲಿ "ಕಟಿಂಗ್ ಕೂಲಿ" ಅಂತಲೇ ಬರೆಯಿರಿ. ಬರೆಯುವುದು ಮೈದುನನೇ ಆಗಲಿ.

ಕಟಿಂಗ್ ಮಷೀನಿನ ಮುಂದೆ ನಿಲ್ಲುವವರು ಹಾಕುವ ಸ್ಟೀಲ್ ಬಲೆಯ ಗ್ಲೌಸ್ ಬರುತ್ತದೆ, ತರಿಸಿ. ಎರಡು ತರಿಸಿ. ಮಾಸ್ಟರ್‌ಗೆ ಎಡಗೈ ತೋರುಬೆರಳಿನ ತುದಿ ಇಲ್ಲ ಅಂತ ಅದೇ ಮೂರನೇ ಪುಟದಲ್ಲಿ ಬರೆದಿದ್ದೀರಿ.