ಪ್ರತಿಕ್ರಿಯೆ: ಪೊರೆಯ ಶಸ್ತ್ರಚಿಕಿತ್ಸೆ ಮತ್ತು ಟ್ಯಾಮ್ಸುಲೋಸಿನ್ ಮಾತ್ರೆ
ಗದಗಿನಲ್ಲಿರುವ ತಮ್ಮ ತಂದೆಯವರಿಗೆ ಹುಬ್ಬಳ್ಳಿಯಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದು, ಮಸೂರದ ಚೀಲ (ಕಣ್ಣಿನ ಮಸೂರವನ್ನು ಸುತ್ತುವರಿದ ತೆಳುಪದರ) ಹರಿಯದಂತೆ ಮನೆಯವರು ಏನು ಮಾಡಬಹುದೆಂದು ಕೇಳಿದ್ದೀರಿ. ಅವರು ಮೂತ್ರದ ತೊಂದರೆಗೆ ಟ್ಯಾಮ್ಸುಲೋಸಿನ್ ಸೇವಿಸುತ್ತಾರೆಂದು ಕೊನೆಯಲ್ಲಿ ಸೇರಿಸಿದ್ದೀರಿ. ನನ್ನ ದೃಷ್ಟಿಯಲ್ಲಿ ಅದೇ ಮುಖ್ಯವಾದ ಸಂಗತಿ.

ಚೀಲದ ಹಿಂಪದರದ ನಡುಭಾಗ ಸುಮಾರು 4 ಮೈಕ್ರಾನ್ ಮಾತ್ರ ದಪ್ಪವಿರುತ್ತದೆ. ಈ ಮಾತ್ರೆಯಿಂದ ಕಣ್ಣಿನ ಬಣ್ಣದ ಪರದೆಯ ಸ್ನಾಯು ಸಡಿಲವಾಗಿ, ಶಸ್ತ್ರಚಿಕಿತ್ಸೆಯ ನಡುವೆಯೇ ಪಾಪೆ ಕಿರಿದಾಗುವುದರಿಂದ, ವೈದ್ಯರು ಇಕ್ಕಟ್ಟಿನಲ್ಲಿ ಉಪಕರಣ ಆಡಿಸಬೇಕಾಗುತ್ತದೆ ಮತ್ತು ಚೀಲಕ್ಕೆ ಪೆಟ್ಟಾಗುವ ಸಂಭವ ಹೆಚ್ಚುತ್ತದೆ. 2005ರಲ್ಲಿ ಗುರುತಿಸಲಾದ ಈ ಸಮಸ್ಯೆ ಮಾತ್ರೆ ನಿಲ್ಲಿಸಿದ ಮಾತ್ರಕ್ಕೆ ತಪ್ಪುವುದಿಲ್ಲ. ಆದ್ದರಿಂದ ನೀವಾಗಿಯೇ ನಿಲ್ಲಿಸಬೇಡಿ, ಮಾತ್ರೆಯ ಹಾಳೆಯನ್ನೇ ಒಯ್ದು ವೈದ್ಯರಿಗೆ ತೋರಿಸಿ. ಮೊದಲೇ ತಿಳಿದಿದ್ದರೆ ಪಾಪೆಯನ್ನು ಅಗಲವಾಗಿ ಹಿಡಿದಿಡುವ ಸಣ್ಣ ಕೊಕ್ಕೆಗಳನ್ನೋ, ಕಣ್ಣೊಳಗೆ ಹಾಕುವ ಫಿನೈಲೆಫ್ರಿನ್ ಔಷಧಿಯನ್ನೋ ಅವರು ಸಿದ್ಧವಾಗಿಟ್ಟುಕೊಳ್ಳುತ್ತಾರೆ.

ಶಸ್ತ್ರಚಿಕಿತ್ಸೆಯ ನಡುವೆ ತಲೆ ಅಲುಗಿದರೂ ಚೀಲಕ್ಕೆ ಪೆಟ್ಟಾಗಬಹುದು; ಆದ್ದರಿಂದ ಒಗ್ಗರಣೆಯ ಘಾಟಿಗೂ ಕೆಮ್ಮುವವರಾದರೆ ಅದನ್ನೂ ತಿಳಿಸಿ. ಸಾಮಾನ್ಯವಾಗಿ ರೋಗಿ ಎಚ್ಚರವಾಗಿಯೇ ಇರುತ್ತಾರೆ. ವೈದ್ಯರು ಮಾತನಾಡಿಸಿದೊಡನೆ ‘ಹೌದ್ರೀ’ ಎಂದು ತಲೆಯಾಡಿಸಿಬಿಡುವ ಹಿರಿಯರನ್ನು ನಾನು ಧಾರವಾಡದ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಕಂಡಿದ್ದೇನೆ. ತಲೆ ಅಲುಗಿಸದೆ ಬಾಯಿಮಾತಿನಲ್ಲೇ ಉತ್ತರಿಸುವುದನ್ನು ಮನೆಯಲ್ಲಿ ಅಂಗಾತ ಮಲಗಿಸಿ ರೂಢಿ ಮಾಡಿಸಿ.